ಹಾಸು ಮತ್ತು ಹೊಕ್ಕು: ದೀರ್ಘಕೃತಿಗಳನ್ನು ಕುರಿತು ಒಂದು ವಿಚಾರ

ಕೃತಿಯೊಂದನ್ನು ಆರಂಭಿಸುವವರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಬೇಸಗೆಯ ರಜೆಯಲ್ಲಿ ಗಾದೆಗಳನ್ನು ಕೂಡಿಡಲು ಹೊಸ ನೋಟುಬುಕ್ಕು ತೆರೆದವರು, ಊರಿನ ಚರಿತ್ರೆ ಬರೆಯುವೆವೆಂದು ಹೊರಟವರು, ಗಡಿನಾಡಿನ ಯಾವ ಶಾಲೆಗೆ ಹೋದರೂ ಒಬ್ಬಿಬ್ಬರು ಸಿಕ್ಕುತ್ತಾರೆ. ದಸರೆಯ ವೇಳೆಗೆ ನೋಡಿದರೆ ಆ ಪುಸ್ತಕದ ಹತ್ತನೆಯ ಪುಟದಾಚೆ ಬರಹವಿರುವುದಿಲ್ಲ. ಕೇಳಿದರೆ, ‘ಹೊಸ ವಿಚಾರ ಹೊಳೆಯಲಿಲ್ಲ’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ತುಸು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಚಾರಗಳು ತೀರಿಹೋದುದರಿಂದ ಕೆಲಸ ನಿಲ್ಲುತ್ತದೆಯೆ? ಅಥವಾ ಕೆಲಸದ ಕಟ್ಟು ಸಡಿಲವಾದುದರಿಂದ ವಿಚಾರಗಳು ಬಾರದೆ ಹೋಗುತ್ತವೆಯೆ? ಎರಡನೆಯದೇ ನಿಜವೆಂದು ನಮ್ಮ ಮತ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ವಾಚಕರಿಗೆ ಇದನ್ನು ತಿಳಿಸಲು ಮಗ್ಗಕ್ಕಿಂತ ಉತ್ತಮವಾದ ನಿದರ್ಶನ ಬೇಡ. ಇಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದವರಲ್ಲಿ ದೇವಾಂಗ ನೇಕಾರರು ಪ್ರಮುಖರು. ಬಟ್ಟೆಯಲ್ಲಿ ಉದ್ದಕ್ಕೆ ಹೂಡಿದ ಎಳೆ ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡುವ ಎಳೆ ಹೊಕ್ಕು. ಬಣ್ಣ ಬದಲಾಯಿಸುವ ಸ್ವಾತಂತ್ರ್ಯ ಹೊಕ್ಕಿಗೆ ಉಂಟು. ಹಾಸು ಬಿಗಿಯಾಗಿದ್ದರೆ ಮಾತ್ರ ಆ ಸ್ವಾತಂತ್ರ್ಯಕ್ಕೆ ಬೆಲೆ. ಇನ್ನೊಂದು ಸಂಗತಿಯೂ ಗಮನಾರ್ಹ. ಒಂದು ಹಾಸು ಮುಗಿದಾಗ ಕೈಮಗ್ಗದವರು ಎಲ್ಲ ನೂಲನ್ನೂ ಬಿಚ್ಚಿ ಹಾಕುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲಿಯೇ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಸೇರಿಸುತ್ತಾರೆ. ದೀರ್ಘವಾದ ಸಾಹಿತ್ಯಕಾರ್ಯದ ಗುಟ್ಟು ಈ ತುದಿಗಳಲ್ಲಿದೆ.

ನೇಕಾರನಾಗಿದ್ದ ಜೇಡರ ದಾಸಿಮಯ್ಯನ ವಚನಗಳನ್ನೇ ನೋಡಬಹುದು. ವಸ್ತು ವಚನದಿಂದ ವಚನಕ್ಕೆ ಬದಲಾಗುತ್ತದೆ. ‘ರಾಮನಾಥ’ ಎಂಬ ಅಂಕಿತ ಬದಲಾಗುವುದಿಲ್ಲ. ಅಂಕಿತವನ್ನು ಕೇವಲ ಹೆಸರಿನ ಮುದ್ರೆಯೆಂದು ತಿಳಿದರೆ ಸಾಲದು. ಮಾತು ಎಲ್ಲಿ ಹೋಗಿ ನಿಲ್ಲಬೇಕೆಂಬುದು ಮೊದಲೇ ಗೊತ್ತಿರುವ ಕವಿ, ಎಲ್ಲಿಂದಾದರೂ ಧೈರ್ಯವಾಗಿ ಹೊರಡಬಲ್ಲ.

ಇದಕ್ಕಿಂತ ದೊಡ್ಡ ಪ್ರಮಾಣದ ಉದಾಹರಣೆ ಮಲೆಯ ಮಾದೇಶ್ವರನ ಕಾವ್ಯ. ಮಾದೇಶ್ವರನ ಬೆಟ್ಟವಿರುವ ಕೊಳ್ಳೇಗಾಲದ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ನಮ್ಮ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ಇಂದು ಬೆಟ್ಟ ಚಾಮರಾಜನಗರ ಜಿಲ್ಲೆಯಲ್ಲಿದ್ದರೂ ತಮಿಳುನಾಡಿನ ಭಕ್ತರು ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಈ ಕಾವ್ಯ ಒಂದು ರಾತ್ರಿಯಲ್ಲಿ ಮುಗಿಯುವಂಥದಲ್ಲ. ಡಾ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಗ್ರಂಥರೂಪಕ್ಕೆ ತಂದ ಮೇಲೆ ಅದರ ವಿಸ್ತಾರ ಓದುಗರಿಗೂ ತಿಳಿಯಿತು.

ಅಕ್ಷರವನ್ನು ನೆಚ್ಚದ ಹಾಡುಗಾರ ಇಷ್ಟು ದೀರ್ಘವಾದ ಕೃತಿಯನ್ನು ಹೇಗೆ ನಡೆಸಿದ? ಮೊದಲನೆಯದಾಗಿ, ಕಾವ್ಯ ‘ಸಾಲು’ಗಳಾಗಿ ಒಡೆದಿದೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು ಇತ್ಯಾದಿ. ಒಂದು ಕೂಟಕ್ಕೆ ಒಂದು ಸಾಲು ಸಾಕು. ಪೂರ್ಣ ಕಾವ್ಯದ ಭಾರ ಯಾವ ರಾತ್ರಿಯ ಮೇಲೂ ಬೀಳುವುದಿಲ್ಲ. ಎರಡನೆಯದಾಗಿ, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡಾಗ ಮುಂದಾಳಿಗೆ ಉಸಿರು ಸಿಕ್ಕುತ್ತದೆ, ಮುಂದಿನ ಮಾತನ್ನು ಕೂಡಿಸಿಕೊಳ್ಳಲು ಎಡೆ ದೊರೆಯುತ್ತದೆ. ಮೂರನೆಯದಾಗಿ, ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಯಿದೆ. ಮನಸ್ಸು ಬಂದಾಗ ಹಾಡುವುದಲ್ಲ. ದಿನ ಬಂದಾಗ ಹಾಡಬೇಕು.

ಇಷ್ಟೆಲ್ಲ ಕಟ್ಟಿದ್ದರೂ ಹೊಸತನಕ್ಕೆ ಬಾಗಿಲು ಮುಚ್ಚಿಲ್ಲ. ಮಕ್ಕಳಿಲ್ಲದ ಸಂಕಮ್ಮ, ಆಕೆಯ ಮೇಲೆ ಸಂಶಯಪಡುವ ಗಂಡ ನೀಲೇಗೌಡ, ಕೊನೆಗೆ ಮಾದೇಶ್ವರನ ವರದಿಂದ ಹುಟ್ಟುವ ಕಾರಯ್ಯ ಬಿಲ್ಲಯ್ಯರು: ಕಥೆ ಕೇಳುವವರಿಗೆಲ್ಲ ಗೊತ್ತು. ಆದರೆ ಆಕೆಯ ಸಂಕಟವನ್ನು ಎಷ್ಟು ಹಿಗ್ಗಿಸಬೇಕು, ಗಂಡನ ಮಾತನ್ನು ಎಷ್ಟು ಕಠೋರ ಮಾಡಬೇಕು ಎಂಬುದನ್ನು ಹಾಡುಗಾರ ಎದುರಿಗಿರುವ ಮುಖಗಳನ್ನು ನೋಡಿ ತೀರ್ಮಾನಿಸುತ್ತಾನೆ. ಕೇಳುವವರೇ ಅವನ ಹೊಕ್ಕಿನ ನೂಲು.

ಇದು ಜನಪದದ ಮಾತಾಯಿತು, ವಿದ್ವತ್ತಿನ ಕೆಲಸಕ್ಕೆ ಅನ್ವಯಿಸುವುದೇ ಎಂದು ಕೇಳಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಕೆಲಸ 1940ರ ದಶಕದಲ್ಲಿ ಆರಂಭವಾಯಿತು. ಮೊದಲನೆಯ ಸಂಪುಟ 1970ರಲ್ಲಿ, ಎಂಟನೆಯ ಮತ್ತು ಕೊನೆಯ ಸಂಪುಟ 1995ರಲ್ಲಿ ಹೊರಬಂದವು. ಆರಂಭಿಸಿದವರಲ್ಲಿ ಅನೇಕರು ಮುಕ್ತಾಯವನ್ನು ಕಾಣಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಅಕಾರಾದಿ ಕ್ರಮವೇ ಅಲ್ಲಿಯ ಹಾಸು. ನಿನ್ನೆ ಯಾವ ಪದಕ್ಕೆ ನಿಂತಿತೋ ಇಂದು ಅದರ ಮುಂದಿನ ಪದ. ಹಿಂದಿನವರು ಬಿಟ್ಟ ತುದಿಯನ್ನು ಹಿಂದೆ ಬಂದವರು ಹುಡುಕಬೇಕಾಗಿರಲಿಲ್ಲ.

ಆ ನಿಘಂಟಿಗಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 1991ರಿಂದ ‘ಇಗೋ ಕನ್ನಡ’ ಅಂಕಣವನ್ನು ಬರೆದರು. ಒಂದು ದಶಕಕ್ಕೂ ಮೀರಿ ಅದು ನಡೆಯಿತು. ಎಂಬತ್ತರ ಹತ್ತಿರ ಹತ್ತಿರದ ವಯಸ್ಸಿನಲ್ಲಿ ಕೈಗೊಂಡ ಕೆಲಸಕ್ಕೆ ವಸ್ತು ಎಲ್ಲಿಂದ ಬಂದೀತು? ಓದುಗರು ಪದಗಳನ್ನು ಕುರಿತು ಕೇಳಿದ ಪ್ರಶ್ನೆಗಳಿಂದ ಬಂತು. ಹೊಸ ವಿಚಾರಕ್ಕಾಗಿ ಅವರು ಆಕಾಶವನ್ನು ನೋಡಲಿಲ್ಲ, ಅಂಚೆಯನ್ನು ನೋಡಿದರು. ದೇವರಗುಡ್ಡನಿಗೆ ಎದುರಿನ ಮುಖಗಳು ಹೇಗೋ ಇವರಿಗೆ ಆ ಕಾಗದಗಳು ಹಾಗೆ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಕಟ್ಟು ಹೆಚ್ಚಾದರೆ ಕೃತಿ ಗಾಣದೆತ್ತಿನ ನಡಿಗೆಯಾಗದೆ? ಆಗುತ್ತದೆ. ಕೇಳುವವರಿಲ್ಲದೆ ಸೊಲ್ಲನ್ನು ಮಾತ್ರ ತಿರುಗಿಸುತ್ತಿದ್ದರೆ ಅದು ಬರಿಯ ಸದ್ದು. ಆದುದರಿಂದ ಹಾಸೊಂದನ್ನೇ ನಾವು ಹೊಗಳುತ್ತಿಲ್ಲ. ಹಾಸು ನಮ್ಮದು, ಹೊಕ್ಕು ಪರರಿಂದ ಬರತಕ್ಕದ್ದು. ಎರಡನ್ನೂ ಒಬ್ಬನೇ ತನ್ನ ತಲೆಯಿಂದ ತೆಗೆಯಬೇಕೆಂದು ಹೊರಟಾಗಲೇ ನೋಟುಬುಕ್ಕು ಹತ್ತನೆಯ ಪುಟಕ್ಕೆ ನಿಲ್ಲುತ್ತದೆ.

ಈ ದೃಷ್ಟಿಯಿಂದ ನಮ್ಮ ಸ್ಮರಣ ಸಂಚಿಕೆಗಳನ್ನು ವಿಮರ್ಶಿಸಿದರೆ ಏನು ಕಾಣುತ್ತದೆ? ಪ್ರತಿವರ್ಷವೂ ಹೊಸ ವಿಷಯ, ಹೊಸ ಶೀರ್ಷಿಕೆ. ಒಬ್ಬರ ಲೇಖನದ ತುದಿಯನ್ನು ಮರುವರ್ಷ ಇನ್ನೊಬ್ಬರು ಹಿಡಿಯುವುದಿಲ್ಲ. ಹೀಗಾಗಿ ಲೇಖನಗಳು ಬಿಡಿಬಿಡಿಯಾಗಿ ಚೆನ್ನಾಗಿದ್ದರೂ ಬಟ್ಟೆಯಾಗುವುದಿಲ್ಲ.

ಇತ್ತ ಕಾಲ ಕಾಯುತ್ತಿಲ್ಲ. ನಮ್ಮ ನೇಕಾರರ ಮನೆಗಳ ಮಕ್ಕಳು ಕನ್ನಡವನ್ನು ಆಡುತ್ತಾರೆ. ತಮಿಳನ್ನೂ ಇಂಗ್ಲಿಷನ್ನೂ ಓದುತ್ತಾರೆ. ಬರಹದ ಆಸರೆಯಿಲ್ಲದ ಮಾತು ಕಸುಬಿನ ಆಸರೆಯಲ್ಲಿ ಬದುಕಿತ್ತು. ಈಗ ಕಸುಬೂ ಬದಲಾಗಿದೆ. ತಿರುಪ್ಪೂರಿನ ಬನಿಯನ್ನಿನ ಬಟ್ಟೆಯನ್ನು ಕುಣಿಕೆಗೆ ಕುಣಿಕೆ ಹಾಕಿ ಹೆಣೆಯುತ್ತಾರೆ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಆ ಕಾರ್ಖಾನೆಗೆ ದುಡಿಯಲು ಹೋಗುವ ಹುಡುಗನಿಗೆ ಅಜ್ಜನ ಮಗ್ಗದ ಮಾತುಗಳು ಏತಕ್ಕೆ ಬೇಕು? ಅಜ್ಜನೊಡನೆ ಅವೂ ಹೋಗುತ್ತವೆ.

ಆದುದರಿಂದ ಉಪಾಧ್ಯಾಯ ಮಿತ್ರರ ಮುಂದೆ ಒಂದು ಸೂಚನೆಯನ್ನಿಡುತ್ತೇವೆ. ಈ ಎರಡು ಜಿಲ್ಲೆಗಳ ಮನೆಗನ್ನಡದ ಪದಕೋಶವನ್ನು ಸಂಚಿಕೆಯ ಸ್ಥಿರಕಾರ್ಯವಾಗಿ ಎತ್ತಿಕೊಳ್ಳೋಣ. ವರ್ಷಕ್ಕೆ ಒಂದೇ ‘ಸಾಲು’: ಒಂದು ವರ್ಷ ಮಗ್ಗದ ಮಾತು, ಮರುವರ್ಷ ಅಡಿಗೆಮನೆಯದು, ಅನಂತರ ಮದುವೆ, ಹೊಲ, ಹಬ್ಬ. ಪದವೊಂದಕ್ಕೆ ಒಂದು ಚೀಟಿ. ಅದರಲ್ಲಿ ಪದ, ಅರ್ಥ, ಅದನ್ನು ಬಳಸಿದ ಒಂದು ವಾಕ್ಯ, ಊರು. ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೇಳಿ ತರಲಿ. ಹೊಕ್ಕಿನ ನೂಲು ಅಲ್ಲಿಂದ ಬರುತ್ತದೆ. ಉಪಾಧ್ಯಾಯರಿಗೆ ವರ್ಗವಾಗುವುದು ಸಹಜ. ಚೀಟಿಯ ಪೆಟ್ಟಿಗೆಗೆ ವರ್ಗವಾಗದಂತೆ ನೋಡಿಕೊಂಡರಾಯಿತು. ಮೊದಲನೆಯ ಸಾಲಿಗೆ ಮಗ್ಗದ ಮಾತನ್ನೇ ಆರಿಸಬೇಕು. ಅದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.