ಹರಾಜು ಗೆದ್ದ ಆಕ್ಸಿಡೆಂಟಲ್, ಸೋತ ಷೇರುದಾರ

ತೈಲ ಕಂಪನಿಯೊಂದು ಇನ್ನೊಂದನ್ನು ಕೊಂಡಾಗ ಸಣ್ಣ ಹೂಡಿಕೆದಾರರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಚ್ಚಾ ತೈಲದ ಬೆಲೆ ಏರುತ್ತದೋ, ಇಳಿಯುತ್ತದೋ? ಏರಿದರೆ ಒಳ್ಳೆಯ ವ್ಯವಹಾರ, ಇಳಿದರೆ ಕೆಟ್ಟದ್ದು ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ. ಅಮೆರಿಕದ ಆಕ್ಸಿಡೆಂಟಲ್ ಪೆಟ್ರೋಲಿಯಂ 2019ರಲ್ಲಿ ಅನಡಾರ್ಕೊ ಕಂಪನಿಯನ್ನು ಕೊಂಡದ್ದನ್ನು ಹೀಗೆ ಅಳೆದವರು 2020ರಲ್ಲಿ ಅದನ್ನು ಹುಚ್ಚು ಸಾಹಸವೆಂದರು, 2022ರಲ್ಲಿ ದೂರದೃಷ್ಟಿಯೆಂದು ಹೊಗಳಿದರು. ಒಪ್ಪಂದ ಒಂದೇ, ಷರತ್ತುಗಳೂ ಅವೇ. ಬದಲಾದದ್ದು ತೈಲದ ಬೆಲೆ ಮಾತ್ರ. ನನ್ನ ಮಟ್ಟಿಗೆ ಅದು ಕೆಟ್ಟ ಒಪ್ಪಂದ. ಹಾಗೆನ್ನಲು ಬೆಲೆ ಕುಸಿಯುವವರೆಗೆ ಕಾಯಬೇಕಿರಲಿಲ್ಲ. ಸಹಿ ಬಿದ್ದ ದಿನದ ಕಾಗದಪತ್ರಗಳಲ್ಲೇ ಎಲ್ಲವೂ ಇತ್ತು.

ಆ ವರ್ಷದ ಏಪ್ರಿಲ್ 12ರಂದು ಶೆವ್ರಾನ್ ಕಂಪನಿ ಅನಡಾರ್ಕೊವನ್ನು ಷೇರಿಗೆ 65 ಡಾಲರ್‌ನಂತೆ, ಒಟ್ಟು 3,300 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದರ ಹಿಂದಿನ ದಿನ ಅನಡಾರ್ಕೊ ಷೇರಿನ ಬೆಲೆ 47 ಡಾಲರಿಗಿಂತ ಕೆಳಗಿತ್ತು. ಎರಡು ವಾರ ಕಳೆಯುವುದರೊಳಗೆ, ಶೆವ್ರಾನ್‌ಗಿಂತ ಗಾತ್ರದಲ್ಲಿ ಎಷ್ಟೋ ಚಿಕ್ಕದಾದ ಆಕ್ಸಿಡೆಂಟಲ್ 76 ಡಾಲರ್ ಕೂಗಿತು. ಮೇ 9ರಂದು ಶೆವ್ರಾನ್ ತನ್ನ ಬೆಲೆ ಏರಿಸಲು ಒಪ್ಪದೆ, ಒಪ್ಪಂದ ಮುರಿದದ್ದಕ್ಕಾಗಿ ಸಲ್ಲಬೇಕಿದ್ದ 100 ಕೋಟಿ ಡಾಲರ್ ಪರಿಹಾರ ಪಡೆದು ಕಣದಿಂದ ಹಿಂದೆ ಸರಿಯಿತು. ಆಗಸ್ಟ್ 8ರಂದು ಅನಡಾರ್ಕೊ ಆಕ್ಸಿಡೆಂಟಲ್‌ನ ಪಾಲಾಯಿತು. ಷೇರುಗಳ ಬೆಲೆ ಸುಮಾರು 3,800 ಕೋಟಿ ಡಾಲರ್. ಅನಡಾರ್ಕೊ ಹೊತ್ತಿದ್ದ ಸಾಲವನ್ನೂ ಸೇರಿಸಿದರೆ ಮೊತ್ತ 5,500 ಕೋಟಿ ದಾಟಿತ್ತು. ಕೊಂಡ ಕಂಪನಿಯ ಮಾರುಕಟ್ಟೆ ಮೌಲ್ಯವೇ ಆಗ 5,000 ಕೋಟಿ ಡಾಲರಿನ ಆಸುಪಾಸಿನಲ್ಲಿತ್ತು.

ಕೊಂಡ ಆಸ್ತಿಯ ಬಗ್ಗೆ ತಕರಾರಿಲ್ಲ. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಹರಡಿರುವ ಪರ್ಮಿಯನ್ ತೈಲಕ್ಷೇತ್ರದಲ್ಲಿ, ಅದರಲ್ಲೂ ಡೆಲವೇರ್ ಭಾಗದಲ್ಲಿ, ಅನಡಾರ್ಕೊಗೆ ಒಳ್ಳೆಯ ಜಮೀನಿತ್ತು. ಕೊಲರಾಡೊದಲ್ಲಿ ಬಾವಿಗಳಿದ್ದವು, ಮೆಕ್ಸಿಕೊ ಕೊಲ್ಲಿಯ ಆಳ ನೀರಿನಲ್ಲಿ ಉತ್ಪಾದನೆಯಿತ್ತು. ಪರ್ಮಿಯನ್ ನೆಲದ ಅನುಭವ ಆಕ್ಸಿಡೆಂಟಲ್‌ಗೆ ದಶಕಗಳದು. ಅದೇ ಬಾವಿಗಳಿಂದ ತಾವು ಹೆಚ್ಚು ತೈಲ ತೆಗೆಯಬಲ್ಲೆವು, ವೆಚ್ಚವನ್ನೂ ಬಂಡವಾಳ ಖರ್ಚನ್ನೂ ಸೇರಿಸಿ ವರ್ಷಕ್ಕೆ 350 ಕೋಟಿ ಡಾಲರ್ ಉಳಿಸುತ್ತೇವೆ ಎಂಬುದು ಮುಖ್ಯಸ್ಥೆ ವಿಕಿ ಹಾಲಬ್ ಅವರ ವಾದ. ತಾಂತ್ರಿಕವಾಗಿ ಅದು ತೂಕದ ಮಾತು. ಆ ತಾಂತ್ರಿಕ ಬಲವನ್ನು ನಂಬಿಯೇ ಅನೇಕ ಸಣ್ಣ ಷೇರುದಾರರು ಒಪ್ಪಂದವನ್ನು ಮೆಚ್ಚಿದರು. ಆದರೆ ಪಕ್ಕದ ಫಲವತ್ತಾದ ತೋಟ ಕೊಳ್ಳಲು ಸ್ವಂತ ತೋಟವನ್ನು ಅಡವಿಟ್ಟ ರೈತನ ಲೆಕ್ಕ ಮಣ್ಣಿನ ಗುಣಕ್ಕೇ ಮುಗಿಯುವುದಿಲ್ಲ. ಒಂದು ವರ್ಷ ಬೆಲೆ ಕೈಕೊಟ್ಟರೆ ಕಂತು ಕಟ್ಟುವುದು ಹೇಗೆ ಎಂಬುದೂ ಅದರಲ್ಲಿ ಸೇರಬೇಕು.

ಆ ಕಂತಿನ ಸ್ವರೂಪ ನೋಡೋಣ. ಹಣ ಹೊಂದಿಸಲು ಹಾಲಬ್ ವಾರೆನ್ ಬಫೆಟ್ ಅವರ ಬಳಿ ಹೋದರು. ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ 1,000 ಕೋಟಿ ಡಾಲರ್ ಕೊಟ್ಟಿತು. ಪ್ರತಿಯಾಗಿ ಪಡೆದದ್ದು ವರ್ಷಕ್ಕೆ ಶೇ 8ರ ಲಾಭಾಂಶವಿರುವ ಆದ್ಯತಾ ಷೇರುಗಳು, ಮೇಲೆ 8 ಕೋಟಿ ಸಾಮಾನ್ಯ ಷೇರುಗಳನ್ನು ತಲಾ 62.50 ಡಾಲರಿಗೆ ಕೊಳ್ಳುವ ಹಕ್ಕು. ಅಂದರೆ ವರ್ಷಕ್ಕೆ 80 ಕೋಟಿ ಡಾಲರ್ ಬರ್ಕ್‌ಶೈರ್‌ಗೆ ಸಂದ ಮೇಲೆಯೇ ಸಾಮಾನ್ಯ ಷೇರುದಾರನ ಸರದಿ. ತೈಲದ ಬೆಲೆ ಏರಿದರೆ ಬರ್ಕ್‌ಶೈರ್‌ಗೂ ಪಾಲು, ಇಳಿದರೆ ಏಟು ಮೊದಲು ಸಾಮಾನ್ಯ ಷೇರುದಾರನಿಗೆ. ಬಫೆಟ್ ಹೆಸರು ಕೇಳಿ ಧೈರ್ಯ ತಂದುಕೊಂಡವರು ಬಹಳ. ಅವರೇ ಹಣ ಹಾಕಿದ್ದಾರೆ, ನಮಗೇನು ಭಯ ಎಂದುಕೊಂಡರು. ಬಫೆಟ್ ಕೊಂಡದ್ದು ಒಂದು ಕಾಗದ, ತಮ್ಮ ಕೈಯಲ್ಲಿರುವುದು ಇನ್ನೊಂದು ಕಾಗದ ಎಂಬುದನ್ನು ಅವರು ಗಮನಿಸಲೇ ಇಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವ ತಪ್ಪು ಇದು. ಷೇರುಪೇಟೆಯಲ್ಲಿ ಇಂದಿಗೂ ದಿನನಿತ್ಯ ನಡೆಯುತ್ತಿರುವ ತಪ್ಪೂ ಹೌದು.

ಇನ್ನೊಂದು ದೋಷ ಮತದಾನಕ್ಕೆ ಸಂಬಂಧಿಸಿದ್ದು. ಆಕ್ಸಿಡೆಂಟಲ್‌ನ ಮೊದಲ ಪ್ರಸ್ತಾವದಲ್ಲಿ ಅರ್ಧ ನಗದು, ಅರ್ಧ ಷೇರು. ಇರುವ ಷೇರುಗಳ ಶೇ 20 ಅಥವಾ ಅದಕ್ಕಿಂತ ಹೆಚ್ಚು ಹೊಸ ಷೇರು ಹೊರಡಿಸುವುದಾದರೆ ಷೇರುದಾರರ ಒಪ್ಪಿಗೆ ಬೇಕೆಂಬುದು ನ್ಯೂಯಾರ್ಕ್ ಷೇರುಪೇಟೆಯ ನಿಯಮ. ಮೇ 5ರಂದು ಪ್ರಸ್ತಾವ ಬದಲಾಯಿತು: ಷೇರಿಗೆ 59 ಡಾಲರ್ ನಗದು, ಉಳಿದದ್ದು ಆಕ್ಸಿಡೆಂಟಲ್ ಷೇರಿನ ರೂಪದಲ್ಲಿ. ಅನಡಾರ್ಕೊದ ಆಫ್ರಿಕಾ ಆಸ್ತಿಗಳನ್ನು ಫ್ರಾನ್ಸಿನ ಟೋಟಲ್ ಕಂಪನಿಗೆ 880 ಕೋಟಿ ಡಾಲರಿಗೆ ಮಾರುವ ಒಪ್ಪಂದವೂ ಅದೇ ಹೊತ್ತಿಗೆ ಆಯಿತು. ಹೊಸ ಷೇರುಗಳು ಮಿತಿಯೊಳಗೆ ಬಂದವು, ಮತದಾನದ ಅಗತ್ಯ ತಪ್ಪಿತು. ಮಾರುವ ಕಂಪನಿಯ ಷೇರುದಾರರು ಮತ ಹಾಕಿದರು, ಕೊಳ್ಳುವ ಕಂಪನಿಯ ಒಡೆಯರಿಗೆ ಆ ಅವಕಾಶವಿರಲಿಲ್ಲ. ದೊಡ್ಡ ಹೂಡಿಕೆ ಸಂಸ್ಥೆ ಟಿ. ರೋ ಪ್ರೈಸ್ ಇದನ್ನು ಪ್ರತಿಭಟಿಸಿ ನಿರ್ದೇಶಕರ ವಿರುದ್ಧ ಮತ ಹಾಕುವುದಾಗಿ ಬಹಿರಂಗವಾಗಿ ಹೇಳಿತು. ಹೂಡಿಕೆದಾರ ಕಾರ್ಲ್ ಐಕಾನ್ ನ್ಯಾಯಾಲಯದ ಮೆಟ್ಟಿಲೇರಿದರು. ಕಾನೂನಿನ ಪ್ರಕಾರ ಕಂಪನಿ ತಪ್ಪು ಮಾಡಿರಲಿಲ್ಲ. ಆದರೆ ತನ್ನಷ್ಟೇ ದೊಡ್ಡ ಖರೀದಿಗೆ ಇಳಿಯುವಾಗ ಒಡೆಯರನ್ನು ಕೇಳಬೇಕಾಗದ ದಾರಿ ಹಿಡಿದ ಆಡಳಿತ ಮಂಡಳಿ, ಅವರು ಬೇಡವೆಂದಾರು ಎಂದು ಅಂಜಿತ್ತೆಂದೇ ನಾನು ತಿಳಿಯುತ್ತೇನೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2020ರ ಮಾರ್ಚಿನಲ್ಲಿ ಸೌದಿ ಅರೇಬಿಯ ಮತ್ತು ರಷ್ಯಾದ ನಡುವೆ ಬೆಲೆ ಸಮರ ಶುರುವಾಯಿತು, ಕೋವಿಡ್ ಜಗತ್ತನ್ನು ಮನೆಯೊಳಗೆ ಕೂರಿಸಿತು. ಒಪ್ಪಂದದ ಹೊತ್ತಿಗೆ 60 ಡಾಲರಿನ ಸುತ್ತ ಇದ್ದ ಆಕ್ಸಿಡೆಂಟಲ್ ಷೇರು 10 ಡಾಲರಿಗಿಂತ ಕೆಳಗಿಳಿಯಿತು. ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ 79 ಸೆಂಟ್ ಲಾಭಾಂಶ 11 ಸೆಂಟ್‌ಗೆ, ಮೇ ಕೊನೆಗೆ ಒಂದು ಸೆಂಟ್‌ಗೆ ಇಳಿಯಿತು. ನೂರು ಷೇರು ಇಟ್ಟುಕೊಂಡು ವರ್ಷಕ್ಕೆ 316 ಡಾಲರ್ ನಿರೀಕ್ಷಿಸುತ್ತಿದ್ದ ನಿವೃತ್ತರೊಬ್ಬರಿಗೆ ಆ ಲೆಕ್ಕದಲ್ಲಿ ಸಿಗುವುದು 4 ಡಾಲರ್. ಅದೇ ವರ್ಷದ ಏಪ್ರಿಲ್‌ನಲ್ಲಿ ಬರ್ಕ್‌ಶೈರ್‌ಗೆ ಸಲ್ಲಬೇಕಾದ ಲಾಭಾಂಶ ಪೂರ್ತಿಯಾಗಿ ಸಂದಿತು. ನಗದಿನ ಬದಲು ಸುಮಾರು 1.73 ಕೋಟಿ ಹೊಸ ಷೇರುಗಳನ್ನು ಕೊಡಲಾಯಿತು. ಆದ್ಯತೆಯವರ ಬಾಕಿ ತೀರಿಸಲು ಸಾಮಾನ್ಯರ ಪಾಲೇ ತೆಳುವಾಯಿತು. ಆ ವರ್ಷ ಕಂಪನಿಯ ನಷ್ಟ 1,400 ಕೋಟಿ ಡಾಲರಿಗೂ ಹೆಚ್ಚು.

ಕೋವಿಡನ್ನು ಯಾರು ಊಹಿಸಿದ್ದರು ಎಂದು ಒಪ್ಪಂದದ ಪರ ಇರುವವರು ಕೇಳುತ್ತಾರೆ. ಯಾರೂ ಇಲ್ಲ, ನಿಜ. ಆದರೆ ತೈಲ 30 ಡಾಲರಿಗಿಂತ ಕೆಳಗೆ ಹೋಗಬಹುದೆಂದು ತಿಳಿಯಲು ಭವಿಷ್ಯ ನುಡಿಯಬೇಕಿರಲಿಲ್ಲ. 2016ರ ಆರಂಭದಲ್ಲಿ, ಅಂದರೆ ಮೂರೇ ವರ್ಷ ಹಿಂದೆ, ಅದು ಹೋಗಿತ್ತು. ಕಾರಣ ಯಾವುದಾದರೂ ಆಗಲಿ, ಅಂಥ ಕುಸಿತವನ್ನು ಒಂದೆರಡು ವರ್ಷ ತಾಳಿಕೊಳ್ಳಲಾಗದ ಸಾಲವನ್ನು ತೈಲ ಕಂಪನಿ ಹೊರಬಾರದು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ ಬೆಲೆ 100 ಡಾಲರ್ ದಾಟಿದಾಗ ಆಕ್ಸಿಡೆಂಟಲ್ ಷೇರು ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು, ಸಾಲ ಬಹಳಷ್ಟು ತೀರಿತು. ಕಷ್ಟಕಾಲದಲ್ಲಿ ವೆಚ್ಚ ಕಡಿತ ಮಾಡಿ ಕಂಪನಿಯನ್ನು ದಡ ಸೇರಿಸಿದ ಹಾಲಬ್ ಅವರ ಛಲ ಮೆಚ್ಚಬೇಕಾದದ್ದು. ಆದರೆ ಯುದ್ಧವೊಂದು ಪಾರು ಮಾಡಿದ ಒಪ್ಪಂದವನ್ನು ಒಳ್ಳೆಯ ಒಪ್ಪಂದ ಎನ್ನಲಾಗದು. ಕೋವಿಡನ್ನು ಲೆಕ್ಕದಿಂದ ಬಿಡುವುದಾದರೆ ಯುದ್ಧವನ್ನೂ ಬಿಡಬೇಕು.

ಶೆವ್ರಾನ್ ಏನು ಮಾಡಿತೆಂದೂ ನೋಡಬೇಕು. 2020ರ ಜುಲೈನಲ್ಲಿ, ಬೆಲೆಗಳು ನೆಲಕಚ್ಚಿದ್ದಾಗ, ಅದು ನೋಬಲ್ ಎನರ್ಜಿ ಕಂಪನಿಯನ್ನು ಪೂರ್ತಿ ಷೇರು ಕೊಟ್ಟು ಸುಮಾರು 500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ನಗದು ಸಾಲ ಮಾಡಲಿಲ್ಲ. ಇತ್ತ ಆಕ್ಸಿಡೆಂಟಲ್ 2023ರ ಕೊನೆಗೆ ಕ್ರೌನ್‌ರಾಕ್ ಕಂಪನಿಯನ್ನು 1,200 ಕೋಟಿ ಡಾಲರಿಗೆ ಕೊಳ್ಳಲು ಮತ್ತೆ ಸಾಲದ ದಾರಿ ಹಿಡಿಯಿತು. 2025ರ ಅಕ್ಟೋಬರಿನಲ್ಲಿ ಸಾಲ ಇಳಿಸಲೆಂದು ತನ್ನ ರಾಸಾಯನಿಕ ಉದ್ಯಮವನ್ನೇ 970 ಕೋಟಿ ಡಾಲರಿಗೆ ಮಾರಲು ಒಪ್ಪಿತು. ಕೊಂಡದ್ದು ಅದೇ ಬರ್ಕ್‌ಶೈರ್.

ನಮ್ಮ ಕನ್ನಡದ ಹೂಡಿಕೆದಾರರಲ್ಲಿ ಒಎನ್‌ಜಿಸಿ ಷೇರು ಇಟ್ಟವರು ಅನೇಕರು. ಅವರಿಗೆ ಇಂಪೀರಿಯಲ್ ಎನರ್ಜಿ ನೆನಪಿರಲಿ. 2008ರ ಆಗಸ್ಟಿನಲ್ಲಿ, ತೈಲ 100 ಡಾಲರಿಗಿಂತ ಮೇಲಿದ್ದಾಗ, ಒಎನ್‌ಜಿಸಿಯ ಅಂಗಸಂಸ್ಥೆ ಒಎನ್‌ಜಿಸಿ ವಿದೇಶ್ ರಷ್ಯಾದ ಟೋಮ್ಸ್ಕ್ ಪ್ರಾಂತ್ಯದಲ್ಲಿ ಬಾವಿಗಳಿದ್ದ ಈ ಬ್ರಿಟಿಷ್ ಕಂಪನಿಗೆ ಬೆಲೆ ಕಟ್ಟಿತು. 2009ರ ಜನವರಿಯಲ್ಲಿ ಖರೀದಿ ಮುಗಿಯುವ ಹೊತ್ತಿಗೆ ತೈಲ 40 ಡಾಲರಿನ ಸುತ್ತ ಇತ್ತು. ಕೊಟ್ಟದ್ದು ಸುಮಾರು 210 ಕೋಟಿ ಡಾಲರ್. ಬೆಲೆ ಆಮೇಲೆ ಚೇತರಿಸಿಕೊಂಡಿತು, ಬಾವಿಗಳ ಉತ್ಪಾದನೆ ಮಾತ್ರ ನಿರೀಕ್ಷೆಯ ಮಟ್ಟಕ್ಕೆ ಏರಲೇ ಇಲ್ಲ. ಮಹಾಲೇಖಪಾಲರ ವರದಿ ಈ ಖರೀದಿಯನ್ನು ಟೀಕಿಸಿತು. ಆಕ್ಸಿಡೆಂಟಲ್‌ನ ನೆಲ ಒಳ್ಳೆಯದಿತ್ತು, ಹಣ ಹೊಂದಿಸಿದ ರೀತಿ ಕೆಟ್ಟದ್ದಿತ್ತು. ಇಂಪೀರಿಯಲ್ ವಿಷಯದಲ್ಲಿ ನೆಲವೇ ಕೈಕೊಟ್ಟಿತು. ಎರಡನ್ನೂ ತೈಲದ ಬೆಲೆಯ ತಲೆಗೆ ಕಟ್ಟಿಬಿಟ್ಟರೆ ಎರಡರಿಂದಲೂ ನಾವು ಏನನ್ನೂ ಕಲಿಯುವುದಿಲ್ಲ.

ಆದ್ದರಿಂದ ನಿಮ್ಮ ಕಂಪನಿ ಇನ್ನೊಂದನ್ನು ಕೊಳ್ಳುತ್ತೇನೆಂದ ದಿನ ತೈಲದ ಬೆಲೆಯ ಭವಿಷ್ಯ ಹೇಳುವವರನ್ನು ಬದಿಗಿಟ್ಟು ಕಾಗದ ಓದಿ. ಹಣ ಎಲ್ಲಿಂದ ಬರುತ್ತದೆ, ನಿಮಗಿಂತ ಮೊದಲು ಯಾರಿಗೆ ಸಲ್ಲುತ್ತದೆ, ಹಿಂದಿನ ಕುಸಿತದ ಬೆಲೆ ಮರಳಿ ಬಂದರೆ ಬಡ್ಡಿ ಕಟ್ಟಿದ ಮೇಲೆ ಏನು ಉಳಿಯುತ್ತದೆ, ನಿಮ್ಮ ಮತ ಕೇಳುತ್ತಾರೋ ಇಲ್ಲವೋ ಎಂದು ನೋಡಿ. ಆಕ್ಸಿಡೆಂಟಲ್ ವಿಷಯದಲ್ಲಿ ಈ ಪ್ರಶ್ನೆಗಳಿಗೆಲ್ಲ 2019ರ ಮೇ ತಿಂಗಳಲ್ಲೇ ಉತ್ತರವಿತ್ತು, ಯಾವ ಉತ್ತರವೂ ಸಾಮಾನ್ಯ ಷೇರುದಾರನ ಪರವಾಗಿರಲಿಲ್ಲ. ಹರಾಜಿನ ಹೊತ್ತಿಗೆ 60 ಡಾಲರಿನ ಸುತ್ತ ಇದ್ದ ಆ ಷೇರು ಆರು ವರ್ಷಗಳ ನಂತರವೂ, 2025ರ ಉದ್ದಕ್ಕೂ, ಆ ಬೆಲೆಗಿಂತ ಕೆಳಗೇ ಇತ್ತು.