ಒಳಗಿವಿಯ ಚೀಲ ಮತ್ತು ಡೆನ್ಮಾರ್ಕಿನ ಮೂವತ್ತು ಮಂದಿ

ಮೆನಿಯೇರ್ ಕಾಯಿಲೆಯವರಿಗೆ ತಲೆಸುತ್ತು ಬಂದಾಗ ಆಸರೆಗೆಂದು ಹಿಡಿದ ಗೋಡೆಯೇ ತಿರುಗತೊಡಗುತ್ತದೆ. ವಾಂತಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಒಂದು ಕಿವಿ ಕಟ್ಟಿದಂಥ ಭಾರ. ಶುರುವಾದರೆ ಇಪ್ಪತ್ತು ನಿಮಿಷದಿಂದ ಅರ್ಧ ದಿನದವರೆಗೂ ಬಿಡದು. ಇದು ಮಿದುಳಿನ ರೋಗವಲ್ಲ, ಒಳಗಿವಿಯದು ಎಂದು 1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ ಹೇಳುವ ಮೊದಲು ಇಂಥವರ ಮೈಯಿಂದ ರಕ್ತ ತೆಗೆಯುತ್ತಿದ್ದರು. ಮಾತ್ರೆ, ಉಪ್ಪಿನ ಪಥ್ಯ ಯಾವುದಕ್ಕೂ ಜಗ್ಗದವರಿಗೆ ಇಂದು ಶಸ್ತ್ರಚಿಕಿತ್ಸೆಯ ಸಲಹೆ ಬರುತ್ತದೆ. ಆ ಸಲಹೆಗಳಲ್ಲಿ ಎಲ್ಲಕ್ಕೂ ಸಮನಾದ ಆಧಾರವಿಲ್ಲ.

ಹೆಚ್ಚು ಆಸೆ ಹುಟ್ಟಿಸುವುದು ಒಳಗಿವಿಯ ದ್ರವಚೀಲದ ಆಪರೇಷನ್. ಫ್ರಾನ್ಸಿನ ಜಾರ್ಜ್ ಪೋರ್ಟ್‌ಮನ್ 1920ರ ದಶಕದಲ್ಲಿ ಶುರುಮಾಡಿದ್ದು. ಕಿವಿಯ ಹಿಂದಿನ ಮೂಳೆಯನ್ನು ನೀರು ಬಿಡುತ್ತಾ ಡ್ರಿಲ್‌ನಿಂದ ಕೊರೆದು, ದೊಡ್ಡ ರಕ್ತನಾಳವೊಂದರ ಪಕ್ಕದಲ್ಲೇ ಇಳಿದು, ಮಿದುಳಿನ ಹೊದಿಕೆಗೆ ಅಂಟಿಕೊಂಡ ಸಣ್ಣ ಚೀಲವನ್ನು ಹುಡುಕುತ್ತಾರೆ. ಅದನ್ನು ಬಿಡಿಸುತ್ತಾರೆ, ಇಲ್ಲವೇ ಸೀಳಿ ಸಿಲಿಕೋನಿನ ತುಣುಕು ಇಡುತ್ತಾರೆ. ಹೆಚ್ಚಾದ ದ್ರವ ಇಳಿದು ತಲೆಸುತ್ತು ನಿಲ್ಲುತ್ತದೆ, ಕೇಳಿಸುವ ಶಕ್ತಿಯೂ ಉಳಿಯುತ್ತದೆ ಎಂಬುದು ನಂಬಿಕೆ.

ಈ ನಂಬಿಕೆಯನ್ನು ಒರೆಗೆ ಹಚ್ಚಿದವರು ಡೆನ್ಮಾರ್ಕಿನ ಥಾಮ್ಸನ್ ಮತ್ತು ಸಂಗಡಿಗರು. 1981ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದದ್ದು 30 ರೋಗಿಗಳು. 15 ಮಂದಿಗೆ ಚೀಲದ ಆಪರೇಷನ್ ಆಯಿತು. ಉಳಿದ 15 ಮಂದಿಗೆ ಮೂಳೆಯನ್ನಷ್ಟೇ ಕೊರೆದು, ಚೀಲದ ತಂಟೆಗೆ ಹೋಗದೆ ಹೊಲಿಗೆ ಹಾಕಿದರು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರಲಿಲ್ಲ, ಆಮೇಲೆ ಪರೀಕ್ಷಿಸಿದ ವೈದ್ಯರಿಗೂ ಗೊತ್ತಿರಲಿಲ್ಲ. ಫಲಿತಾಂಶ ಬಂದಾಗ ಎರಡೂ ಗುಂಪಿನಲ್ಲಿ ಶೇ. 70ರ ಆಸುಪಾಸಿನವರು ಸುಧಾರಿಸಿದ್ದರು.

ಇದಕ್ಕೆ ಎದ್ದ ಆಕ್ಷೇಪಗಳು ಹಗುರವಾದವಲ್ಲ. ಮೂಳೆ ಕೊರೆಯುವುದೇ ಏನಾದರೂ ಪರಿಣಾಮ ಮಾಡಿರಬಹುದಲ್ಲ ಎಂದರು. ಗುಂಪು ತೀರಾ ಚಿಕ್ಕದು ಎಂದರು. 2000ದಲ್ಲಿ ವೆಲಿಂಗ್ ಮತ್ತು ಸಂಖ್ಯಾಶಾಸ್ತ್ರಜ್ಞ ನಾಗರಾಜ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಕೆಲವು ತೊಂದರೆಗಳಲ್ಲಿ ನಿಜವಾದ ಆಪರೇಷನ್ನಿನ ಗುಂಪೇ ಮೇಲಿತ್ತು ಎಂದು ತೋರಿಸಿದರು. ಇದನ್ನೆಲ್ಲ ಒಪ್ಪಿದರೂ ನನಗೆ ಒಂದು ಮಾತು ಉಳಿಯುತ್ತದೆ. ಹದಿನೈದು ಮಂದಿಯ ಗುಂಪಿನಲ್ಲಿ ಸಣ್ಣ ವ್ಯತ್ಯಾಸ ಮರೆಯಾಗಬಹುದು. ಆದರೆ ಈ ಆಪರೇಷನ್ನಿನ ಪರ ನಿಂತವರು ಹೇಳಿಕೊಂಡು ಬಂದದ್ದು ಸಣ್ಣ ವ್ಯತ್ಯಾಸವನ್ನಲ್ಲ. ಈ ಕಾಯಿಲೆ ತಾನಾಗಿಯೇ ಏರಿ ಇಳಿಯುವಂಥದ್ದು. ತೀರಾ ಹೆಚ್ಚಾದಾಗ ಆಪರೇಷನ್ ಮಾಡಿಸಿಕೊಂಡವರು ಆಮೇಲೆ ಸುಧಾರಿಸಿದರೆ ಅದರ ಕೀರ್ತಿಯೆಲ್ಲ ಚಾಕುವಿಗೆ ಸೇರಿಬಿಡುತ್ತದೆ. ರೋಗಿಗೆ ಸಿಕ್ಕ ನೆಮ್ಮದಿ ನಿಜ, ಅದನ್ನು ಕೀಳುಗಳೆಯಬಾರದು. ಆದರೆ ಡೆನ್ಮಾರ್ಕಿನ ಕಥೆಯನ್ನು ಪೂರ್ತಿ ಹೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ.

ಇನ್ನೊಂದು ದಾರಿ ಕಠೋರ, ಆದರೆ ತಾನು ಏನು ಮಾಡುತ್ತೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೆಟ್ಟ ಕಿವಿ ಮಿದುಳಿಗೆ ಸುಳ್ಳು ಸುದ್ದಿ ಕಳಿಸುವುದನ್ನೇ ಅದು ನಿಲ್ಲಿಸುತ್ತದೆ. ಅಮೆರಿಕದ ವಾಲ್ಟರ್ ಡ್ಯಾಂಡಿ ಮೊದಮೊದಲು ಕಿವಿಯ ಇಡೀ ನರವನ್ನೇ ಕತ್ತರಿಸುತ್ತಿದ್ದರು. ಬಳಿಕ ಸಮತೋಲನದ ಎಳೆಗಳನ್ನಷ್ಟೇ ಕತ್ತರಿಸಿ ಕೇಳುವ ಶಕ್ತಿ ಉಳಿಸಲು ನೋಡಿದರು. ಅದಕ್ಕೆ ತಲೆಬುರುಡೆ ತೆರೆಯಲೇಬೇಕು. ಆ ಕಿವಿ ಹೇಗೂ ಕಿವುಡಾಗಿದ್ದರೆ ಒಳಗಿವಿಯ ಸಮತೋಲನದ ಅಂಗಗಳನ್ನೇ ತೆಗೆದುಬಿಡುತ್ತಾರೆ. ಈಗ ಬಹಳ ಕಡೆ ಕಿವಿತಮಟೆಯ ಮೂಲಕ ಜೆಂಟಾಮೈಸಿನ್ ಚುಚ್ಚುವುದೇ ಸಾಕಾಗುತ್ತದೆ. ಅದಾದರೂ ಕೊನೆಗೆ ಮಾಡುವುದು ಸಮತೋಲನದ ಅಂಗಗಳ ನಾಶವನ್ನೇ. 2016ರಲ್ಲಿ ಪ್ರಕಟವಾದ, ಇಂಗ್ಲೆಂಡಿನಲ್ಲಿ 60 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚುಕಡಿಮೆ ಜೆಂಟಾಮೈಸಿನ್ನಿನಷ್ಟೇ ತಲೆಸುತ್ತನ್ನು ತಗ್ಗಿಸಿತು. ನಾಶಮಾಡದ ಔಷಧಿಯೇ ಅಷ್ಟು ಮಾಡುವುದಾದರೆ ಮೊದಲು ಅದನ್ನು ಕೊಟ್ಟು ನೋಡಬೇಡವೇ?

ನಾಶದ ಬೆಲೆ ಏನೆಂದು ತಿಳಿಯಲು 1952ರಲ್ಲಿ ಒಬ್ಬ ಅಮೆರಿಕನ್ ವೈದ್ಯ ಬರೆದ ಅನುಭವ ಓದಬೇಕು. ಚಿಕಿತ್ಸೆಗೆಂದು ಪಡೆದ ಸ್ಟ್ರೆಪ್ಟೊಮೈಸಿನ್, ಅಂದರೆ ಜೆಂಟಾಮೈಸಿನ್ನಿನ ಬಳಗದ್ದೇ ಔಷಧಿ, ಅವರ ಎರಡೂ ಕಿವಿಗಳ ಸಮತೋಲನವನ್ನು ಕಿತ್ತುಕೊಂಡಿತ್ತು. ನಾಡಿ ಬಡಿದಾಗಲೆಲ್ಲ ತಲೆ ಅಲುಗಿ ಪುಟದ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ತಲೆಕಡೆಯ ಎರಡು ಕಬ್ಬಿಣದ ಸರಳುಗಳ ನಡುವೆ ತಲೆಯನ್ನು ಒತ್ತಿಕೊಂಡು ಅವರು ಓದಬೇಕಾಗಿತ್ತು. ಮೆನಿಯೇರ್ ಕಾಯಿಲೆ ಎಷ್ಟೋ ಜನರಲ್ಲಿ ವರ್ಷಗಳಾದ ಮೇಲೆ ಎರಡನೆಯ ಕಿವಿಗೂ ಬರುತ್ತದೆ. ಒಂದು ಕಿವಿಯನ್ನು ಈಗಾಗಲೇ ಮುಗಿಸಿಕೊಂಡವರ ಪಾಡು ಆಗ ಏನು?

ಒಂದೇ ಕಿವಿಯ ಸಮತೋಲನ ಹೋದರೆ ಮಿದುಳು ವಾರ ತಿಂಗಳುಗಳಲ್ಲಿ ಹೊಂದಿಕೊಳ್ಳುತ್ತದೆ, ಆದರೆ ಸುಮ್ಮನೆ ಮಲಗಿದವರಲ್ಲಿ ಅಲ್ಲ. ಕಾಥೋರ್ನ್ ಮತ್ತು ಕುಕ್ಸಿ 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ವ್ಯಾಯಾಮಗಳು ಸರಳ: ಕಣ್ಣು ಹೊರಳಿಸುವುದು, ತಲೆ ತಿರುಗಿಸುವುದು, ಕೂತು ಏಳುವುದು, ಆಮೇಲೆ ಕಣ್ಣು ಮುಚ್ಚಿ ನಡೆಯುವುದು. ವಯಸ್ಸಾದವರಿಗೆ, ಕಣ್ಣು ಮಂಜಾದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದು ನಿಧಾನ, ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಅಂಥವರ ನರ ಕತ್ತರಿಸುವ ಮೊದಲು ಸರ್ಜನ್ ಅವರ ಪಾದವನ್ನೂ ಮುಟ್ಟಿ ನೋಡಬೇಕು. ಆಮೇಲೆ ಈ ವ್ಯಾಯಾಮ ಹೇಳಿಕೊಡಲು ಒಬ್ಬ ಫಿಸಿಯೋಥೆರಪಿಸ್ಟ್ ಕೂಡ ಇಲ್ಲದ ಆಸ್ಪತ್ರೆ ಈ ಆಪರೇಷನ್ನಿಗೆ ಕೈಹಾಕಬಾರದು.