‘ವಾಸಕ್ಕೆ ಯೋಗ್ಯ’: ಬೆಂಕಿಯ ನಂತರದ ಒಂದು ಗಾಳಿ ಪರೀಕ್ಷೆಯ ವಿಮರ್ಶೆ

ಪರಿಚಿತರೊಬ್ಬರು ಈಚೆಗೆ ಎರಡು ಪುಟದ ವರದಿಯೊಂದನ್ನು ನನ್ನ ಕೈಗಿತ್ತು, “ಇದನ್ನು ನಂಬಿ ಮಗುವನ್ನು ಮನೆಗೆ ಕರೆತರಬಹುದೇ ಸಾರ್?” ಎಂದು ಕೇಳಿದರು. ಅವರದು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಾಲ್ಕನೆಯ ಮಹಡಿ. ಎರಡನೆಯ ಮಹಡಿಯ ಕೇಬಲ್ ಡಕ್ಟ್‌ನಲ್ಲಿ ಹತ್ತಿದ ಬೆಂಕಿ ಅಲ್ಲಿಯೇ ಆರಿತ್ತು. ಹೊಗೆ ಮಾತ್ರ ಡಕ್ಟ್ ಹಿಡಿದು ಮೇಲೇರಿ ಇವರ ಮನೆಯನ್ನು ಹೊಕ್ಕಿತ್ತು. ಹತ್ತು ದಿನಗಳ ನಂತರ ನಿವಾಸಿಗಳ ಸಂಘ ಕರೆಸಿದ ಪರೀಕ್ಷಕರು ಕೈಯಲ್ಲಿ ಹಿಡಿಯುವ ಎರಡು ಉಪಕರಣಗಳೊಡನೆ ಬಂದು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, ‘ವಾಯು ಗುಣಮಟ್ಟ ಸೂಚ್ಯಂಕ 45, ಉತ್ತಮ, ವಾಸಕ್ಕೆ ಯೋಗ್ಯ’ ಎಂದು ಬರೆದುಕೊಟ್ಟಿದ್ದರು. ಇಂಥ ವರದಿ ನಾಳೆ ನಿಮ್ಮ ಕೈಗೂ ಬರಬಹುದು. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಆ 45. ನಮ್ಮ ದೇಶದ ಸೂಚ್ಯಂಕವನ್ನು ರೂಪಿಸಿರುವುದು ಹೊರಗಿನ ಗಾಳಿಗೆ. ಅದಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಬೇಕು. ಕಣಗಳಿಗಾದರೆ 24 ಗಂಟೆಗಳ ಸರಾಸರಿ ಬೇಕು. ಇಲ್ಲಿ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳು ಘನಮೀಟರಿಗೆ 27 ಮೈಕ್ರೋಗ್ರಾಂ ಎಂಬ ಒಂದೇ ಕ್ಷಣದ ಅಳತೆಯನ್ನು ಸೂಚ್ಯಂಕಕ್ಕೆ ಪರಿವರ್ತಿಸಿದ್ದಾರೆ. ಗಣಿತ ಸರಿಯಾಗಿಯೇ ಇದೆ, ಅರ್ಥ ಮಾತ್ರ ಇಲ್ಲ.

ಕಣಮಾಪಕವನ್ನೇ ನೋಡಿ. ಅದು ಕಣಗಳು ಚದರಿಸುವ ಬೆಳಕನ್ನು ಅಳೆದು ತೂಕವನ್ನು ಅಂದಾಜು ಮಾಡುತ್ತದೆ. ಮಸಿಯಾದರೋ ಬೆಳಕನ್ನು ಚದರಿಸುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಸುಮಾರು 0.3 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳು ಇಂಥ ಅಗ್ಗದ ಉಪಕರಣಗಳ ಕಣ್ಣಿಗೆ ಬೀಳುವುದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಹತ್ತು ದಿನಗಳಲ್ಲಿ ಹೊಗೆಯ ಕಣಗಳು ಗಾಳಿಯಲ್ಲಿ ಉಳಿದಿರುವುದೇ ಇಲ್ಲ. ಅವು ಪರದೆ, ಹಾಸಿಗೆ, ಫ್ಯಾನಿನ ರೆಕ್ಕೆ, ಕಪಾಟಿನ ತಲೆಯ ಮೇಲೆ ಕುಳಿತಿರುತ್ತವೆ. ವರದಿಯಲ್ಲಿ ಯಾವುದೇ ಮೇಲ್ಮೈಯನ್ನು ಒರೆಸಿ ತೆಗೆದ ಮಾದರಿಯ ಸುದ್ದಿಯಿಲ್ಲ.

ಎರಡನೆಯ ಉಪಕರಣ ಅನಿಲಗಳದ್ದು. ಅದರಲ್ಲಿ 10.6 ಎಲೆಕ್ಟ್ರಾನ್ ವೋಲ್ಟ್‌ನ ಅತಿನೇರಳೆ ದೀಪವಿದೆ. ಅದರ ಫೋಟಾನು ಒಂದು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತರೆ ವಿದ್ಯುತ್ ಹರಿದು ಅಂಕಿ ಮೂಡುತ್ತದೆ. ಬೆಂಜೀನಿನಿಂದ ಎಲೆಕ್ಟ್ರಾನನ್ನು ಕೀಳಲು 9.2 ಸಾಕು, ಅದು ಸಿಕ್ಕಿಬೀಳುತ್ತದೆ. ಫಾರ್ಮಾಲ್ಡಿಹೈಡಿಗೆ ಬೇಕಾದದ್ದು ಸುಮಾರು 10.9. ಅಂದರೆ ಅದು ಕೋಣೆಯಲ್ಲಿ ಎಷ್ಟೇ ಇದ್ದರೂ ಈ ದೀಪಕ್ಕೆ ಕಾಣದು. ಪಿಯುಸಿ ವಿದ್ಯಾರ್ಥಿಯೂ ಬಲ್ಲ ದ್ಯುತಿ ಅಯಾನೀಕರಣದ ಪಾಠವಿದು. ಆದರೂ ವರದಿಯಲ್ಲಿ ‘ಫಾರ್ಮಾಲ್ಡಿಹೈಡ್: ಪತ್ತೆಯಾಗಿಲ್ಲ’ ಎಂದಿದೆ! ಕುರುಡನನ್ನು ಸಾಕ್ಷಿಗೆ ಕರೆದಂತೆ. ಇನ್ನು ಕೇಬಲ್ಲಿನ ಪಿವಿಸಿ ಹೊದಿಕೆ ಸುಟ್ಟಾಗ ಹುಟ್ಟುವ ಹೈಡ್ರೋಜನ್ ಕ್ಲೋರೈಡಿಗೆ 12.7 ಬೇಕು. ಅದು ಗಾಳಿಯನ್ನು ಬಿಟ್ಟು ಲೋಹದ ಮೇಲೆ ಕುಳಿತು ತುಕ್ಕು ಹಿಡಿಸುತ್ತಿರುತ್ತದೆ.

ಇಷ್ಟಾದರೂ ಇವು ಉಪಕರಣದ ಮಿತಿಗಳು. ನನಗೆ ನಿಜವಾಗಿ ಆತಂಕ ತಂದದ್ದು ಕೊನೆಯ ಪುಟದ ಒಂದು ಸಾಲು: ‘ಪರೀಕ್ಷೆಯ ವೇಳೆ ಕಿಟಕಿಗಳು ತೆರೆದಿದ್ದವು.’

ಒಂದು ಲೆಕ್ಕ ಮಾಡಿ. ಮನೆಯ ಗಾತ್ರ 280 ಘನಮೀಟರ್ ಎನ್ನಿ. ಸೋಫಾ, ಹಾಸಿಗೆ, ಗೋಡೆಗಳು ಹೀರಿಕೊಂಡ ಹೊಗೆಯ ಆವಿಯನ್ನು ಗಂಟೆಗೆ 14 ಮಿಲಿಗ್ರಾಂನಂತೆ ಹೊರಬಿಡುತ್ತಿವೆ ಎನ್ನಿ. (ಅಂಕಿಗಳು ಉದಾಹರಣೆಗೆ ಮಾತ್ರ.) ಕಿಟಕಿ ತೆರೆದಾಗ ಗಂಟೆಗೆ ಐದು ಸಲ ಗಾಳಿ ಬದಲಾದರೆ ಸಾಂದ್ರತೆ ಘನಮೀಟರಿಗೆ 10 ಮೈಕ್ರೋಗ್ರಾಂ. ರಾತ್ರಿ ಸೊಳ್ಳೆಗೆ ಹೆದರಿ ಎಲ್ಲ ಮುಚ್ಚಿ, ಗಾಳಿ ನಾಲ್ಕು ಗಂಟೆಗೊಮ್ಮೆ ಮಾತ್ರ ಬದಲಾದರೆ ಅದೇ 200 ಆಗುತ್ತದೆ. ಮೂಲ ಅದೇ, ಮನೆ ಅದೇ. ಇಪ್ಪತ್ತು ಪಟ್ಟು ವ್ಯತ್ಯಾಸ. ಪರೀಕ್ಷಕರು ಅಳೆದದ್ದು ಬೀದಿಯ ಗಾಳಿಯನ್ನು, ಮಗು ಮಲಗುವುದು ಮುಚ್ಚಿದ ಕೋಣೆಯಲ್ಲಿ.

ಇದು ಬರಿಯ ಊಹೆಯಲ್ಲ. 2021ರ ಡಿಸೆಂಬರ್ 30ರಂದು ಅಮೆರಿಕದ ಕೊಲರಾಡೋದಲ್ಲಿ ಮಾರ್ಷಲ್ ಬೆಂಕಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಸುಡದೆ ಉಳಿದರೂ ಹೊಗೆ ಹೊಕ್ಕಿದ್ದ ಮನೆಯೊಂದರಲ್ಲಿ ಕೊಲರಾಡೋ ವಿಶ್ವವಿದ್ಯಾನಿಲಯದವರು ದಿನವೂ ಅಳತೆ ಮಾಡಿದಾಗ, ಆವಿಗಳು ಮಾಮೂಲು ಮಟ್ಟಕ್ಕಿಳಿಯಲು ಸುಮಾರು ಐದು ವಾರ ಹಿಡಿಯಿತು. ಮೇರಿಲ್ಯಾಂಡಿನ ಪ್ರಯೋಗಮನೆಯೊಂದಕ್ಕೆ 2022ರಲ್ಲಿ ಮರದ ಹೊಗೆ ತುಂಬಿ ನೋಡಿದವರಿಗೆ ಕಂಡದ್ದೂ ಅಷ್ಟೇ: ಗಾಳಿ ಶುದ್ಧೀಕರಣ ಯಂತ್ರ ನಡೆಯುವಷ್ಟು ಹೊತ್ತು ಆವಿ ತಗ್ಗಿತು, ನಿಲ್ಲಿಸಿದೊಡನೆ ಮರಳಿತು. ಗುಡಿಸಿ, ಒರೆಸಿ, ಸಾರಿಸಿದಾಗಲೇ ಬಹುಕಾಲ ನಿಲ್ಲುವ ಇಳಿಕೆ ಸಿಕ್ಕಿತು. ಮರದ ಹೊಗೆಗೂ ಕೇಬಲ್ ಹೊಗೆಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ; ಆದರೆ ಮೇಲ್ಮೈಗೆ ಅಂಟಿ ಮೆಲ್ಲಗೆ ಬಿಡುವ ಭೌತಶಾಸ್ತ್ರ ಎರಡಕ್ಕೂ ಒಂದೇ.

ಪರಿಚಿತರಿಗೆ ನಾನು ಹೇಳಿದ್ದಿಷ್ಟು. ಮೊದಲು ಮನೆ ತೊಳೆಸಿ, ಪರದೆಗಳನ್ನು ಒಗೆಸಿ. ಆಮೇಲೆ ರಾತ್ರಿಯಿಡೀ ಕಿಟಕಿ ಮುಚ್ಚಿ, ಬೆಳಗ್ಗೆ ತೆರೆಯುವ ಮುನ್ನ ಹೀರುನಳಿಕೆಯಲ್ಲಿ ಗಾಳಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಿ. ಫಾರ್ಮಾಲ್ಡಿಹೈಡಿಗೆ ಬೇರೆಯೇ ನಳಿಕೆ ಬೇಕು. ಜೊತೆಗೆ ಹೊಗೆ ಹೋಗದ ಇನ್ನೊಂದು ಬ್ಲಾಕಿನ ಮನೆಯಲ್ಲೂ ಹೀಗೆಯೇ ಮಾಡಿಸಿ. ಹೊಸ ಪ್ಲೈವುಡ್ಡೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಹೋಲಿಕೆಯಿಲ್ಲದೆ ಯಾವುದು ಬೆಂಕಿಯದು, ಯಾವುದು ಬಡಗಿಯದು ಎಂದು ಹೇಳುವುದು ಹೇಗೆ?

ಪರೀಕ್ಷಕರಿಗೆ ಫೋನ್ ಮಾಡಿದಾಗ, “ಅದೆಲ್ಲ ನಮ್ಮ ಪ್ಯಾಕೇಜಿನಲ್ಲಿ ಬರುವುದಿಲ್ಲ” ಎಂದರಂತೆ. ಸಂಘ ಈಗ ಬೇರೆ ಪ್ರಯೋಗಾಲಯವನ್ನು ವಿಚಾರಿಸುತ್ತಿದೆ. ಮಗು ಸದ್ಯಕ್ಕೆ ಅಜ್ಜಿಯ ಮನೆಯಲ್ಲಿದೆ.